ಲಾಸ್ ವೇಗಸ್ ಸುತ್ತಮುತ್ತ ಭೂದೃಶ್ಯ ಮತ್ತು ಆಕಾಶಗಂಗೆಯ ಛಾಯಾಗ್ರಹಣ: ಯಾವ ಜಾಗ, ಯಾವ ದಿಕ್ಕು?

ಪ್ರಶ್ನೆ (ಮೈಸೂರು)

ಎಲ್ಲರಿಗೂ ನಮಸ್ಕಾರ. ಲಾಸ್ ವೇಗಸ್ ಪಕ್ಕದ ಹೆಂಡರ್ಸನ್‌ನಲ್ಲಿ ನನ್ನ ಅಕ್ಕ ನೆಲೆಸಿದ್ದಾರೆ. ಮುಂದಿನ ಅಕ್ಟೋಬರ್ ಮೊದಲ ಭಾಗದಲ್ಲಿ, ಮಹಾಲಯ ಅಮಾವಾಸ್ಯೆಯ ಹಿಂದೆ ಮುಂದೆ ಸೇರಿ ಹತ್ತು ದಿನ ಅವರ ಮನೆಯಲ್ಲಿರುತ್ತೇನೆ. ನನಗೆ ಕ್ಯಾಸಿನೋಗಳಲ್ಲಿ ಆಸಕ್ತಿಯಿಲ್ಲ. ಮೊಹಾವಿ ಮರುಭೂಮಿಯ ಬಂಡೆಗಳನ್ನೂ ಅಲ್ಲಿನ ರಾತ್ರಿಯ ಆಕಾಶವನ್ನೂ ಚಿತ್ರಿಸಬೇಕೆಂಬುದು ಬಹುಕಾಲದ ಆಸೆ. ಹಂಪಿಯ ಬಂಡೆಗಳ ನಡುವೆ ನಕ್ಷತ್ರಗಳನ್ನು ಚಿತ್ರಿಸಿದ ಅನುಭವ ಸ್ವಲ್ಪ ಇದೆ. ನನ್ನ ಬಳಿ ಫುಲ್ ಫ್ರೇಮ್ ಕ್ಯಾಮೆರಾ, ಮಂದ ಬೆಳಕಿಗೂ ಒದಗುವ ಎಫ್ 2.8ರ 14-24 ಎಂಎಂ ಅಗಲನೋಟದ ಲೆನ್ಸ್ ಮತ್ತು ಗಟ್ಟಿಯಾದ ಟ್ರೈಪಾಡ್ ಇವೆ. ಬಾಡಿಗೆಗೆ ಪಡೆಯುವುದು ಸಾಮಾನ್ಯ ಕಾರು, ಆದ್ದರಿಂದ ಕಲ್ಲುಮಣ್ಣಿನ ಕಚ್ಚಾ ದಾರಿಗಳಿಗೆ ಇಳಿಯಲಾರೆ.

ರಾತ್ರಿ ಹೊರಗೆ ಉಳಿಯಲು ಸಿಗುವುದು ಎರಡೇ ದಿನ. ವ್ಯಾಲಿ ಆಫ್ ಫೈರ್‌ನ ಕೆಂಪು ಬಂಡೆಗಳ ಮೇಲೆ ಆಕಾಶಗಂಗೆ ನಿಂತಿರುವಂತೆ ಚಿತ್ರ ತೆಗೆಯಬೇಕೆಂದು ಮನಸ್ಸಿನಲ್ಲಿ ಕಲ್ಪಿಸಿಕೊಂಡಿದ್ದೇನೆ. ಅದು ಆಗುವ ಮಾತೇ? ನಗರಕ್ಕೆ ಹತ್ತಿರದ ರೆಡ್ ರಾಕ್ ಕ್ಯಾನಿಯನ್ ಸಾಕಾಗುವುದೇ, ಇಲ್ಲವೇ ಕ್ಯಾಲಿಫೋರ್ನಿಯಾದ ಡೆತ್ ವ್ಯಾಲಿ ರಾಷ್ಟ್ರೀಯ ಉದ್ಯಾನದವರೆಗೂ ಹೋಗಲೇಬೇಕೇ? ಅಲ್ಲಿ ಓಡಾಡಿದವರು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ (ಹೆಂಡರ್ಸನ್, ನೆವಾಡಾ)

ನಮಸ್ಕಾರ. ಈ ಊರಿಗೆ ಬಂದ ಮೊದಲ ವರ್ಷ ನಾನೂ ತಮ್ಮಂತೆಯೇ ನಗರದಿಂದ ಎಷ್ಟು ದೂರ ಹೋಗಬೇಕು ಎಂದಷ್ಟೇ ಲೆಕ್ಕ ಹಾಕುತ್ತಿದ್ದೆ. ನಗರ ಯಾವ ದಿಕ್ಕಿನಲ್ಲಿ ಉಳಿಯುತ್ತದೆ ಎಂಬುದು ದೂರಕ್ಕಿಂತ ಮುಖ್ಯವೆಂದು ತಿಳಿಯಲು ಒಂದು ರಾತ್ರಿ ಹಾಳಾಗಬೇಕಾಯಿತು. ಏಪ್ರಿಲ್‌ನ ಒಂದು ಬೆಳಗಿನ ಜಾವ ಡೆತ್ ವ್ಯಾಲಿಯ ಮೆಸ್ಕಿಟ್ ಫ್ಲಾಟ್ ಮರಳುದಿಬ್ಬಗಳ ಮೇಲೆ ಕಾದು ಕುಳಿತಿದ್ದೆ. ಆಗ್ನೇಯದಲ್ಲಿ ಆಕಾಶಗಂಗೆಯ ಕೇಂದ್ರಭಾಗ, ಎಂದರೆ ಅದರ ಅತಿ ಪ್ರಕಾಶಮಾನ ಭಾಗ, ಮೇಲೇರಿದಾಗ ಅದರ ಪಕ್ಕದಲ್ಲೇ, ದಿಗಂತದ ಮೇಲೆ, ವೇಗಸ್‌ನ ಕಿತ್ತಳೆ ಬಣ್ಣದ ಬೆಳಕು ಹರಡಿಕೊಂಡಿತ್ತು. ನೂರೈವತ್ತು ಕಿಲೋಮೀಟರಿಗೂ ಹೆಚ್ಚು ದೂರ ಬಂದಿದ್ದರೂ ಅದು ಚಿತ್ರದಿಂದ ತಪ್ಪಲಿಲ್ಲ.

ಇದೇ ಲೆಕ್ಕವನ್ನು ತಮ್ಮ ಪ್ರಶ್ನೆಗೆ ಅನ್ವಯಿಸಿ ನೋಡಿ. ವ್ಯಾಲಿ ಆಫ್ ಫೈರ್ ನಗರದಿಂದ ಈಶಾನ್ಯಕ್ಕೆ ಸುಮಾರು 80 ಕಿಲೋಮೀಟರ್ ದೂರದಲ್ಲಿದೆ. ಹಾಗಾಗಿ ಅಲ್ಲಿ ನಿಂತವರಿಗೆ ನಗರದ ಬೆಳಕು ಕಾಣುವುದು ನೈಋತ್ಯದಲ್ಲಿ. ಅಕ್ಟೋಬರ್ ತಿಂಗಳ ಸಂಜೆ ಆಕಾಶಗಂಗೆಯ ಕೇಂದ್ರ ಇಳಿಯುವುದೂ ಸರಿಯಾಗಿ ಅದೇ ನೈಋತ್ಯಕ್ಕೆ. ಮಾರ್ಚ್ ಅಥವಾ ಏಪ್ರಿಲ್‌ನ ಬೆಳಗಿನ ಜಾವವಾಗಿದ್ದರೆ ಕೇಂದ್ರ ಆಗ್ನೇಯದಲ್ಲಿ ಏಳುತ್ತಿತ್ತು, ನಗರ ಒಂದು ಬದಿಗೆ ಸರಿದಿರುತ್ತಿತ್ತು, ಮತ್ತು ಆ ಜಾಗವನ್ನು ನಾನೇ ಸೂಚಿಸುತ್ತಿದ್ದೆ. ಇನ್ನೊಂದು ತೊಡಕೂ ಇದೆ. ಅದು ರಾಜ್ಯ ಉದ್ಯಾನವಾದ್ದರಿಂದ ದಿನದ ಪ್ರವಾಸಿಗರು ಸೂರ್ಯಾಸ್ತಕ್ಕೆ ಹೊರಗಿರಬೇಕು, ರಾತ್ರಿ ಒಳಗೆ ಉಳಿಯಬೇಕೆಂದರೆ ಅಲ್ಲಿನ ಶಿಬಿರದಲ್ಲಿ ಜಾಗ ಪಡೆದಿರಬೇಕು.

ಆದರೆ ದಯವಿಟ್ಟು ವ್ಯಾಲಿ ಆಫ್ ಫೈರ್ ಅನ್ನು ಕೈಬಿಡಬೇಡಿ. ಅದನ್ನು ಹಗಲಿನ ಜಾಗವೆಂದು ಭಾವಿಸಿ ಒಂದು ಪೂರ್ತಿ ಮಧ್ಯಾಹ್ನ ಮೀಸಲಿಡಿ. ಆ ಕೆಂಪು ಬಂಡೆಗಳು ಸುಮಾರು 15 ಕೋಟಿ ವರ್ಷಗಳ ಹಿಂದಿನ ಮರಳುದಿಬ್ಬಗಳು. ಮರಳು ಕಲ್ಲಾಗಿ, ಅದರೊಳಗಿನ ಕಬ್ಬಿಣದ ಅಂಶದಿಂದ ಕೆಂಪು ಬಣ್ಣ ಬಂದಿದೆ. ಗಾಳಿ ಮರಳನ್ನು ಒಟ್ಟಿದ ಓರೆಯಾದ ಪದರಗಳು ಇವತ್ತಿಗೂ ಗೆರೆಗೆರೆಯಾಗಿ ಕಾಣುತ್ತವೆ. ಫೈರ್ ವೇವ್ ಎಂಬಲ್ಲಿ ಆ ಗೆರೆಗಳು ಬಿಳಿ, ಗುಲಾಬಿ, ಕೆಂಪು ಬಣ್ಣಗಳಲ್ಲಿ ಅಲೆಯಂತೆ ಹರಿದಿವೆ. ಹೋಗಿ ಬರಲು ಎರಡೂವರೆ ಕಿಲೋಮೀಟರಿನಷ್ಟು ನಡಿಗೆ. ಸೂರ್ಯ ಮುಳುಗುವ ಒಂದೂವರೆ ಗಂಟೆ ಮೊದಲೇ ಅಲ್ಲಿದ್ದರೆ ಬೆಳಕು ಅಡ್ಡಲಾಗಿ ಬಿದ್ದು ಪ್ರತಿ ಪದರವೂ ಎದ್ದು ಕಾಣುತ್ತದೆ, ಬಾಗಿಲು ಮುಚ್ಚುವ ಮುನ್ನ ಹೊರಬರಲು ಸಮಯವೂ ಉಳಿಯುತ್ತದೆ. ಅಟ್‌ಲಾಟ್ಲ್ ರಾಕ್ ಮೇಲೆ ಪುರಾತನ ಜನರು ಕೆತ್ತಿದ ಚಿತ್ರಗಳಿವೆ. ಲೋಹದ ಮೆಟ್ಟಿಲು ಹತ್ತಿ ಹತ್ತಿರದಿಂದ ನೋಡಬಹುದು. ಕೆತ್ತನೆಗಳನ್ನು ಮುಟ್ಟಬಾರದೆಂದು ಹಂಪಿಯನ್ನು ಕಂಡವರಿಗೆ ನಾನು ಹೇಳಬೇಕಾಗಿಲ್ಲ.

ರೆಡ್ ರಾಕ್ ಕ್ಯಾನಿಯನ್ ಮಾತ್ರ ರಾತ್ರಿಗೆ ಬೇಡ. ಅದು ವೇಗಸ್‌ನ ಕ್ಯಾಸಿನೋಗಳ ಮುಖ್ಯ ರಸ್ತೆಯಾದ ಸ್ಟ್ರಿಪ್‌ನಿಂದ 27 ಕಿಲೋಮೀಟರ್ ಅಷ್ಟೇ. ಒಳಗಿನ 13 ಮೈಲಿಯ ಏಕಮುಖ ರಸ್ತೆಯನ್ನು ಸಂಜೆ ಮುಚ್ಚುತ್ತಾರೆ, ಅಕ್ಟೋಬರ್‌ನಿಂದ ಮೇವರೆಗೆ ಹಗಲಿನ ಪ್ರವೇಶಕ್ಕೂ ಮುಂಗಡವಾಗಿ ಸಮಯ ಕಾಯ್ದಿರಿಸಬೇಕು. ಬೆಳಿಗ್ಗೆ 8ಕ್ಕಿಂತ ಮೊದಲೇ ಒಳಹೊಕ್ಕರೆ ಆ ಕಾಯ್ದಿರಿಸುವಿಕೆ ಬೇಕಾಗುವುದಿಲ್ಲ, ಕ್ಯಾಲಿಕೊ ಹಿಲ್ಸ್ ಮೇಲೆ ಬೀಳುವ ಎಳೆ ಬಿಸಿಲೂ ಸಿಗುತ್ತದೆ.

ಉತ್ತರ (ಕ್ಯಾಲಿಫೋರ್ನಿಯಾ)

ಹಿಂದಿನ ಉತ್ತರದಲ್ಲಿ ದಿಕ್ಕಿನ ಬಗ್ಗೆ ಹೇಳಿರುವುದು ಸಂಪೂರ್ಣ ಸರಿ. ಅದೇ ಕಾರಣಕ್ಕೆ ಶರತ್ಕಾಲದ ಸಂಜೆಗೆ ಡೆತ್ ವ್ಯಾಲಿ ಹೇಳಿ ಮಾಡಿಸಿದ ಜಾಗ. ವೇಗಸ್ ಪೂರ್ವಕ್ಕೆ ಉಳಿಯುತ್ತದೆ, ತಮ್ಮ ಕ್ಯಾಮೆರಾ ನೈಋತ್ಯಕ್ಕೆ ಮುಖ ಮಾಡಿರುತ್ತದೆ. 2013ರಲ್ಲೇ ಆ ಉದ್ಯಾನಕ್ಕೆ ಅಂತರರಾಷ್ಟ್ರೀಯ ಕತ್ತಲ ಆಕಾಶದ ಉದ್ಯಾನ ಎಂಬ ಮನ್ನಣೆ ದೊರೆತಿದೆ, ಮತ್ತು ಅದು ಇಪ್ಪತ್ನಾಲ್ಕು ಗಂಟೆಯೂ ತೆರೆದಿರುತ್ತದೆ.

ಆದರೆ ಉದ್ಯಾನದ ಒಳಗೆ ಎಲ್ಲಿ ನಿಲ್ಲಬೇಕು ಎಂಬುದನ್ನು ತಾವು ಮೈಸೂರಿನ ಅಂದಾಜಿನಲ್ಲಿ ತೀರ್ಮಾನಿಸಬಾರದು. ಮೈಸೂರಿನಲ್ಲಿ ಆಕಾಶಗಂಗೆಯ ಕೇಂದ್ರ ದಕ್ಷಿಣದಲ್ಲಿ ಅತಿ ಎತ್ತರಕ್ಕೆ ಬಂದಾಗ ದಿಗಂತದಿಂದ ಸುಮಾರು 48 ಡಿಗ್ರಿ ಮೇಲಿರುತ್ತದೆ. ಇಲ್ಲಿ, 36 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಅದು 25 ಡಿಗ್ರಿಯನ್ನು ದಾಟುವುದಿಲ್ಲ. ಅಕ್ಟೋಬರ್ ಮೊದಲ ಭಾಗದಲ್ಲಿ ಪೂರ್ತಿ ಕತ್ತಲಾಗುವ ಹೊತ್ತಿಗೆ, ಎಂದರೆ ರಾತ್ರಿ ಎಂಟರ ಸುಮಾರಿಗೆ, ಅದು 15 ಡಿಗ್ರಿಗೆ ಇಳಿದಿರುತ್ತದೆ, ಅಲ್ಲಿಂದ ಮುಂದೆ ತಮಗೆ ಸಿಗುವುದು ಹೆಚ್ಚೆಂದರೆ ಒಂದೂವರೆ ಗಂಟೆ. ಹೊಸಬರೆಲ್ಲ ಹೋಗುವುದು ಸಮುದ್ರಮಟ್ಟಕ್ಕಿಂತ 86 ಮೀಟರ್ ಕೆಳಗಿರುವ ಬ್ಯಾಡ್‌ವಾಟರ್ ಉಪ್ಪಿನ ಬಯಲಿಗೆ. ಅಲ್ಲಿ ಪಶ್ಚಿಮಕ್ಕೆ ಪ್ಯಾನಮಿಂಟ್ ಬೆಟ್ಟಸಾಲು ಗೋಡೆಯಂತೆ ನಿಂತಿದೆ. ಅದರ ಟೆಲಿಸ್ಕೋಪ್ ಶಿಖರ 3,368 ಮೀಟರ್ ಎತ್ತರ. ಹೀಗಾಗಿ ಕೇಂದ್ರ ಮುಳುಗುವ ಹೊತ್ತಿಗೆ ಮೊದಲೇ ಬೆಟ್ಟದ ಹಿಂದೆ ಮರೆಯಾಗುತ್ತದೆ.

ಆದ್ದರಿಂದ ನನ್ನ ಸಲಹೆ ಡಾಂಟೀಸ್ ವ್ಯೂ. ಬ್ಯಾಡ್‌ವಾಟರ್‌ನ ನೆತ್ತಿಯ ಮೇಲೆ 1,669 ಮೀಟರ್ ಎತ್ತರದಲ್ಲಿರುವ ಈ ಅಂಚಿನಿಂದ ನೋಡಿದರೆ ಎದುರಿನ ಬೆಟ್ಟಸಾಲು ತಗ್ಗಾಗಿ ಕಾಣುತ್ತದೆ, ಕೆಳಗೆ ಉಪ್ಪಿನ ಬಯಲು ನಕ್ಷತ್ರಗಳ ಬೆಳಕಿನಲ್ಲೇ ಮಸುಕು ಬಿಳುಪಾಗಿ ತೋರುತ್ತದೆ. ಆ ದೃಶ್ಯವನ್ನು ಮೊದಲ ಸಲ ಕಂಡ ರಾತ್ರಿ ನಾನು ಬಹಳ ಹೊತ್ತು ಕ್ಯಾಮೆರಾ ಮುಟ್ಟಲೇ ಇಲ್ಲ. ಸೂರ್ಯಾಸ್ತಕ್ಕೆ ಮೊದಲೇ ತಲುಪಿ, ಟ್ರೈಪಾಡ್ ಕದಲಿಸದೆ ಸಂಜೆಯ ನೀಲಿ ಬೆಳಕಿನಲ್ಲಿ ನೆಲದ ಚಿತ್ರವನ್ನೂ ಕತ್ತಲಾದ ಮೇಲೆ ಆಕಾಶದ ಚಿತ್ರವನ್ನೂ ತೆಗೆದು ಆಮೇಲೆ ಜೋಡಿಸಬಹುದು. 14 ಎಂಎಂನಲ್ಲಿ ಎಫ್ 2.8, 15ರಿಂದ 20 ಸೆಕೆಂಡ್, ಐಎಸ್ಒ 3200ರಿಂದ 6400ರವರೆಗೆ ಪ್ರಯತ್ನಿಸಿ.

ದಿನವನ್ನು ಆರಿಸುವಾಗ ಪಂಚಾಂಗ ಜೊತೆಗಿರಲಿ. ಅಮಾವಾಸ್ಯೆಗೆ ಹಿಂದಿನ ನಾಲ್ಕೈದು ದಿನ ಉತ್ತಮ, ಏಕೆಂದರೆ ಆಗ ಕ್ಷೀಣ ಚಂದ್ರ ಬೆಳಗಿನ ಜಾವ ಹುಟ್ಟುತ್ತಾನೆ, ಸಂಜೆಗೆ ಅಡ್ಡ ಬರುವುದಿಲ್ಲ. ಅಮಾವಾಸ್ಯೆ ಕಳೆದು ತದಿಗೆ, ಚೌತಿಯ ಹೊತ್ತಿಗೆ ಎಳೆಯ ಚಂದ್ರನೇ ನೈಋತ್ಯದಲ್ಲಿ ತಮ್ಮ ಚೌಕಟ್ಟಿನೊಳಗೆ ಬಂದು ಕೂರುತ್ತಾನೆ.

ಮರುದಿನ ಬೆಳಿಗ್ಗೆ ಝಬ್ರಿಸ್ಕಿ ಪಾಯಿಂಟ್‌ನಲ್ಲಿರಿ. ಸೂರ್ಯ ಬೆನ್ನ ಹಿಂದೆ ಹುಟ್ಟಿ, ಮೊದಲು ದೂರದ ಪ್ಯಾನಮಿಂಟ್ ಶಿಖರಗಳನ್ನೂ ಆಮೇಲೆ ಎದುರಿನ ಹಳದಿ ಮಣ್ಣಿನ ಮಡಿಕೆಗಳನ್ನೂ ಬೆಳಗುತ್ತಾನೆ.

ಹೋಗುವ ದಾರಿಯಲ್ಲಿ ಪರಂಪ್ ಊರಿನಲ್ಲೇ ಪೆಟ್ರೋಲ್ ತುಂಬಿಸಿಕೊಳ್ಳಿ. ಅಲ್ಲಿಂದ ಮುಂದೆ ಬಹಳ ಕಡೆ ಮೊಬೈಲ್ ಸಂಪರ್ಕ ಸಿಗುವುದಿಲ್ಲ, ಆದ್ದರಿಂದ ನಕ್ಷೆಯನ್ನು ಮೊದಲೇ ಇಳಿಸಿಕೊಂಡು, ಮರಳುವ ಸಮಯವನ್ನು ಅಕ್ಕನಿಗೆ ತಿಳಿಸಿ ಹೊರಡಿ. ಹೊರಡುವ ದಿನ ಉದ್ಯಾನದ ರಸ್ತೆಗಳ ಸ್ಥಿತಿಯನ್ನೂ ನೋಡಿಕೊಳ್ಳಿ. 2023ರ ಆಗಸ್ಟ್‌ನಲ್ಲಿ ಹಿಲರಿ ಚಂಡಮಾರುತದ ಮಳೆಗೆ ರಸ್ತೆಗಳು ಕೊಚ್ಚಿಹೋಗಿ, ಅಕ್ಟೋಬರ್ 15ರವರೆಗೂ ಉದ್ಯಾನ ಮುಚ್ಚಿತ್ತು. ಡ್ರೋನ್ ಹಾರಿಸುವುದು ರಾಷ್ಟ್ರೀಯ ಉದ್ಯಾನಗಳಲ್ಲಿ ನಿಷಿದ್ಧ.

ಉತ್ತರ (ಲಾಸ್ ವೇಗಸ್)

ನಗರದ ದೀಪಗಳನ್ನೂ ಒಂದು ಸಂಜೆ ಚಿತ್ರಿಸುವುದಾದರೆ ಒಂದು ಎಚ್ಚರಿಕೆ. ಸ್ಟ್ರಿಪ್ ರಸ್ತೆಯನ್ನು ದಾಟುವ ಪಾದಚಾರಿ ಸೇತುವೆಗಳ ಮೇಲೆ ನಿಲ್ಲುವುದನ್ನೇ 2024ರ ಜನವರಿಯಲ್ಲಿ ಇಲ್ಲಿನ ಜಿಲ್ಲಾಡಳಿತವಾದ ಕ್ಲಾರ್ಕ್ ಕೌಂಟಿ ನಿಷೇಧಿಸಿದೆ, ತಪ್ಪಿದರೆ ದಂಡವೂ ಜೈಲೂ ಸಾಧ್ಯ. ಅಂತರ್ಜಾಲದಲ್ಲಿ ಕಾಣುವ ಹಳೆಯ ಸಲಹೆಗಳು ಆ ಸೇತುವೆಗಳನ್ನೇ ಹೊಗಳುತ್ತವೆ, ನಂಬಿ ಟ್ರೈಪಾಡ್ ಹೂಡಬೇಡಿ. ಅದರ ಬದಲು ಹೂವರ್ ಅಣೆಕಟ್ಟಿನ ಎದುರಿನ ಸೇತುವೆಗೆ ಹಗಲಿನಲ್ಲಿ ಹೋಗಿ ಬನ್ನಿ. 2010ರಲ್ಲಿ ತೆರೆದ ಆ ಸೇತುವೆಯ ಕಾಲುದಾರಿಯಿಂದ 221 ಮೀಟರ್ ಎತ್ತರದ ಅಣೆಕಟ್ಟು ಇಡಿಯಾಗಿ ಕಾಣುತ್ತದೆ, ಹೆಂಡರ್ಸನ್‌ನಿಂದ ಹತ್ತಿರವೂ ಹೌದು.

ಪ್ರಶ್ನೆ ಕೇಳಿದವರಿಂದ (ಮೈಸೂರು)

ಮೂವರಿಗೂ ಮನಃಪೂರ್ವಕ ಧನ್ಯವಾದಗಳು. ನೈಋತ್ಯದ ವಿಚಾರ ನನಗೆ ಹೊಳೆದೇ ಇರಲಿಲ್ಲ. ವ್ಯಾಲಿ ಆಫ್ ಫೈರ್ ಅನ್ನು ಒಂದು ಮಧ್ಯಾಹ್ನಕ್ಕೆ ಇಟ್ಟುಕೊಂಡು, ಎರಡೂ ರಾತ್ರಿಗಳನ್ನು ಅಮಾವಾಸ್ಯೆಗೆ ಮುಂಚೆ ಡೆತ್ ವ್ಯಾಲಿಯಲ್ಲೇ ಕಳೆಯುತ್ತೇನೆ. ಒಂದು ರಾತ್ರಿ ಮೋಡವಿದ್ದರೆ ಇನ್ನೊಂದಾದರೂ ಸಿಕ್ಕೀತು. ಇನ್ನೊಂದೇ ವಿಷಯ ಕೇಳಬೇಕು. ಆಕಾಶಗಂಗೆಯನ್ನು ನೋಡಲು ನಮ್ಮ ತಾಯಿಯವರೂ ಬರುತ್ತೇನೆ ಎನ್ನುತ್ತಿದ್ದಾರೆ. ಅವರಿಗೆ 68 ವರ್ಷ, ಮಂಡಿನೋವಿದೆ. ಡಾಂಟೀಸ್ ವ್ಯೂನಲ್ಲಿ ಎಷ್ಟು ನಡೆಯಬೇಕಾಗುತ್ತದೆ?

ಉತ್ತರ (ಕ್ಯಾಲಿಫೋರ್ನಿಯಾ)

ಖಂಡಿತ ಕರೆದುಕೊಂಡು ಬನ್ನಿ. ಕಾರು ನಿಲ್ಲಿಸುವ ಜಾಗವೇ ಅಂಚಿಗೆ ಹತ್ತಿರವಿದೆ, ಕೆಲವೇ ಹೆಜ್ಜೆಗಳಲ್ಲಿ ನೋಟ ತೆರೆದುಕೊಳ್ಳುತ್ತದೆ. ಡಾಂಬರು ರಸ್ತೆ ಅಲ್ಲಿಯವರೆಗೂ ಇದೆ, ಕೊನೆಯ ಏರು ಮಾತ್ರ ಕಡಿದಾದದ್ದು, ರಾತ್ರಿ ಇಳಿಯುವಾಗ ಕೆಳಗಿನ ಗೇರ್‌ನಲ್ಲಿ ನಿಧಾನವಾಗಿ ಬನ್ನಿ. ಮಡಚುವ ಕುರ್ಚಿಯೊಂದನ್ನು ಒಯ್ದು ಕಾರಿನ ಪಕ್ಕದಲ್ಲೇ ಅವರನ್ನು ನೈಋತ್ಯಕ್ಕೆ ಮುಖ ಮಾಡಿ ಕೂರಿಸಿ. ಕಣ್ಣು ಕತ್ತಲಿಗೆ ಹೊಂದಿಕೊಳ್ಳಲು ಇಪ್ಪತ್ತು ಮೂವತ್ತು ನಿಮಿಷ ಬೇಕು, ಅಷ್ಟು ಹೊತ್ತು ಮೊಬೈಲ್ ತೆರೆಯದಿರಲಿ, ತಮ್ಮ ಟಾರ್ಚ್‌ಗೂ ಕೆಂಪು ಬೆಳಕೇ ಇರಲಿ. ಕಣಿವೆಯ ತಳದಲ್ಲಿ ಸೆಕೆಯಿದ್ದರೂ ಮೇಲೆ ಹತ್ತು ಡಿಗ್ರಿಗೂ ಹೆಚ್ಚು ತಂಪಿರುತ್ತದೆ, ಗಾಳಿಯೂ ಜೋರು. ಅವರಿಗೆ ಸ್ವೆಟರ್, ಶಾಲು ಮತ್ತು ಫ್ಲಾಸ್ಕಿನಲ್ಲಿ ಬಿಸಿ ಕಾಫಿ ಮರೆಯಬೇಡಿ.