ನಾಯಿ ಪಕ್ಕ ಮಲಗಿದ್ರೆ ಮಕ್ಕಳಿಗೆ ಉಬ್ಬಸ ಬರ್ತದಾ?

ಕಾರವಾರದ ಅಮ್ಮ: ನಮ್ಮ ಲ್ಯಾಬ್ರಡಾರ್ ನಾಯಿ ಮಳೆಗಾಲ ಶುರುವಾದಾಗಿಂದ ವಿಪರೀತ ಕೂದಲು ಉದುರಿಸ್ತಾ ಇದೆ, ಎಂಟು ವರ್ಷದ ಮಗ ಅದರ ಕುತ್ತಿಗೆಗೆ ಕೈ ಹಾಕ್ಕೊಂಡೇ ಮಲಗೋದು, ಹದಿನೈದು ದಿನದಿಂದ ಬೆಳಗಾದ್ರೆ ಸೀನು, ಕಣ್ಣು ತುರಿಕೆ, ನಿನ್ನೆ ರಾತ್ರಿ ಎದೆಲಿ ಸುಂಯ್ ಸುಂಯ್ ಅಂತ ಸದ್ದು ಬೇರೆ. ಕೂದಲು ಎದೆಯೊಳಗೆ ಹೋಗಿ ಕೂತಿದೆ, ನಾಯಿನ ಯಾರಿಗಾದ್ರೂ ಕೊಟ್ಬಿಡು ಅಂತಾರೆ ಅತ್ತೆ. ನಿಜಾನಾ?

ಅಂಕೋಲಾ ಹುಡುಗ: ಕೊಡ್ಬೇಡಿ ಅಕ್ಕಾ! ನಾವೆಲ್ಲ ನಾಯಿ ಜೊತೆಗೇ ಬೆಳೆದವ್ರು, ಎಂತದೂ ಆಗ್ಲಿಲ್ಲ. ಸಣ್ಣವರಿದ್ದಾಗ ನಾಯಿ ಒಡನಾಟ ಇದ್ರೆ ಅಸ್ತಮಾ ಕಮ್ಮಿ ಅಂತ ಓದಿದ್ದೆ.

ಕುಮಟಾ ನರ್ಸ್: ತಮ್ಮಾ, ಕೆಲವು ಅಧ್ಯಯನದಲ್ಲಿ ಹಾಗೆ ಬಂದಿದ್ದು ಹೌದು, ಆದ್ರೆ ಈಗಾಗ್ಲೇ ಸುಂಯ್ಗುಡೋ ಮಗುಗೆ ಅದು ಉತ್ತರ ಅಲ್ಲ. ಅಕ್ಕಾ, ಕೂದಲು ಶ್ವಾಸಕೋಶದಲ್ಲಿ ಕೂರೋದಿಲ್ಲ. ಅಲರ್ಜಿ ಮಾಡೋದು ನಾಯಿ ಜೊಲ್ಲು, ಚರ್ಮದ ಹೊಟ್ಟಿನಲ್ಲಿರೋ ಪ್ರೋಟೀನು, ಮುಖ್ಯವಾದ್ದಕ್ಕೆ ಕ್ಯಾನ್ ಎಫ್ 1 ಅಂತಾರೆ. ನಾಯಿ ಮೈ ನೆಕ್ಕಿ ನೆಕ್ಕಿ ಕೂದಲಿಗೆಲ್ಲ ಹಚ್ಚಿರ್ತದೆ, ಆ ಕೂದಲು ಉದುರಿ ದಿಂಬಿಗೆ ಅಂಟಿದ್ರೆ ಮಗು ರಾತ್ರಿಯಿಡೀ ಅದನ್ನೇ ಉಸಿರಾಡ್ತದೆ. ಅದಕ್ಕೇ ಕೂದಲಿಲ್ಲದ ತಳಿ ತಂದ್ರೂ ಅಲರ್ಜಿ ತಪ್ಪೋದಿಲ್ಲ. ಎದೆ ಸದ್ದಿಗೆ ಮಾತ್ರ ತಡ ಮಾಡ್ಬೇಡಿ, ನಾಳೆನೇ ಮಕ್ಕಳ ಡಾಕ್ಟರಿಗೆ ತೋರಿಸಿ. ಉಸಿರಾಡುವಾಗ ಪಕ್ಕೆ ಒಳಗೆ ಎಳೀತಾ ಇದ್ರೆ, ಮಾತಾಡೋಕೂ ಕಷ್ಟ ಆದ್ರೆ ನಾಳೆವರೆಗೂ ಕಾಯ್ಬೇಡಿ, ರಾತ್ರಿನೇ ಹೊರಡಿ.

ಕಾಳಿ ತೀರ: ನಾಯಿ ಮೇಲೇ ಯಾಕೆ ಹೊರಿಸ್ತೀರಿ? ಜುಲೈ ತಿಂಗಳಲ್ಲಿ ನಮ್ಮ ಕಡೆ ಗಾದಿ ಮುಟ್ಟಿದ್ರೆ ತಣ್ಣಗೆ ಒದ್ದೆ ಒದ್ದೆ, ಕಪಾಟಿನ ಹಿಂದೆ ಬೂಷ್ಟು. ಗಾದಿ, ದಿಂಬಲ್ಲಿರೋ ಕಣ್ಣಿಗೆ ಕಾಣದ ಧೂಳಿನ ನುಸಿಗೆ ಇಂಥ ತೇವನೇ ಬೇಕು, ಅದರಿಂದಲೂ ಅಲರ್ಜಿ ಆಗ್ತದೆ. ನನ್ನ ಮಗಳಿಗೆ ಚರ್ಮದ ಮೇಲೆ ಚುಚ್ಚಿ ಮಾಡೋ ಅಲರ್ಜಿ ಟೆಸ್ಟ್ ಮಾಡಿಸಿದ್ವಿ, ನಾಯಿಗೆ ಎಂತದೂ ಇಲ್ಲ, ನುಸಿಗೆ ಮಾತ್ರ ಇಷ್ಟು ದಪ್ಪ ಗಂಧೆ ಎದ್ದಿತ್ತು! ಸುಮ್ನೆ ನಾಯಿ ಕೊಟ್ಟಿದ್ರೆ ಅದೂ ಹೋಗ್ತಿತ್ತು, ಉಬ್ಬಸನೂ ಉಳೀತಿತ್ತು.

ಕುಮಟಾ ನರ್ಸ್: ಇದು ಒಪ್ತೇನೆ, ಟೆಸ್ಟ್ ಮಾಡಿಸದೆ ಹೇಳೋಕಾಗೋದಿಲ್ಲ. ಅಲ್ಲದೆ ನಾಯಿ ಕೊಟ್ರೂ ಅದರ ಪ್ರೋಟೀನು ಗಾದಿ, ಸೋಫಾದಲ್ಲಿ ತಿಂಗಳುಗಟ್ಟಲೆ ಇರ್ತದೆ.

ಶಿರಸಿ ತೋಟದವ: ನಮ್ಮ ಘಟ್ಟದ ಮೇಲೆ ಚಿಂತೆ ಉಣುಗಿಂದು. ನಾಯಿ ಬೆಟ್ಟಕ್ಕೆ ಹೋಗಿ ಬಂದ್ರೆ ಕಿವಿ ಹಿಂದೆ, ಕಾಲ್ಬೆರಳ ಸಂದಿಲಿ ಎಳ್ಳಿನಷ್ಟು ಸಣ್ಣವು ಕಚ್ಚಿಕೊಂಡಿರ್ತಾವೆ. ಮಂಗನ ಕಾಯಿಲೆ 1957ರಲ್ಲಿ ಪಕ್ಕದ ಸೊರಬ ಸೀಮೆಲಿ ಪತ್ತೆ ಆದದ್ದು, ಸಿದ್ದಾಪುರದಲ್ಲೂ ಜನ ಸತ್ತಿದ್ದಾರೆ, ಹರಡೋದು ಉಣುಗು ಕಚ್ಚಿ. ಬೆಟ್ಟ ತಿರುಗೋ ನಾಯಿನ ಹಾಸಿಗೆ ಹತ್ಸೋದು ನಂಗಂತೂ ಸರಿ ಕಾಣೋದಿಲ್ಲ. ಚಿಮಟದಲ್ಲಿ ಬುಡದಿಂದ ಹಿಡಿದು ನೆಟ್ಟಗೆ ಎಳೀರಿ, ಕೈಲಿ ಹಿಸುಕ್ಬೇಡಿ.

ಅಂಕೋಲಾ ಹುಡುಗ: ಸರಿ, ಹಾಸಿಗೆ ಬೇಡ ಅನ್ನೋಣ, ಕೋಣೆ ಒಳಗೆ ನೆಲದ ಮೇಲಾದ್ರೂ ಮಲಗ್ಲಿ? ಆ ಮಗು ಒಂದೇ ಸಮ ಅಳ್ತದೆ ಪಾಪ.

ಕುಮಟಾ ನರ್ಸ್: ಸದ್ಯಕ್ಕೆ ಕೋಣೆನೂ ಬೇಡ, ಫ್ಯಾನ್ ಹಾಕಿದ್ರೆ ಹೊಟ್ಟು ಇಡೀ ಕೋಣೆ ಸುತ್ತುತ್ತದೆ. ಹಗಲು ಆಡ್ಲಿ, ಆಡಿ ಬಂದು ಕೈ ತೊಳೀಲಿ. ಬೆಡ್‌ಶೀಟು, ದಿಂಬಿನ ಕವರು ವಾರಕ್ಕೊಮ್ಮೆ ಬಿಸಿನೀರಲ್ಲಿ ಹಾಕಿ. ನಾಯಿ ಕೂದಲು ಮನೆ ಹೊರಗೇ ಬಾಚಿ, ಬಾಚೋದು ಮಗ ಅಲ್ಲ.

ಕಾರವಾರದ ಅಮ್ಮ: ನಾಳೆ ಬೆಳಿಗ್ಗೆನೇ ಡಾಕ್ಟರ್ ಹತ್ರ ಹೋಗ್ತೇವೆ, ಟೆಸ್ಟ್ ಬಗ್ಗೆನೂ ಕೇಳ್ತೇನೆ. ಅತ್ತೆಗೆ ಇದನ್ನೆಲ್ಲ ಓದಿ ಹೇಳಿದೆ, ರಿಪೋರ್ಟ್ ಬರೋವರೆಗೆ ನಾಯಿ ಇರ್ಲಿ ಅಂದ್ರು. ಜಗಲಿಲಿ ಗೋಣಿಚೀಲ ಹಾಸಿದ್ದೇನೆ, ಮಗ ತನ್ನ ಹಳೇ ಟವೆಲ್ ತಂದು ಅದರ ಮೇಲೆ ಹಾಕಿ ಬಂದ.