ಕಾರವಾರದ ಉಪ್ಪುಗಾಳಿ, ದೇವಿಮನೆ ಘಟ್ಟದ ಇಳಿಜಾರು: ಬ್ರೇಕ್ ಪೆಡಲ್ ಮೆತ್ತಗಾಗುತ್ತಿದೆ, ಏನು ಮಾಡಿಸಬೇಕು?

ಕೋಡಿಬಾಗ ಚಾಲಕ:

ಆರು ವರ್ಷದ ಪೆಟ್ರೋಲ್ ಹ್ಯಾಚ್‌ಬ್ಯಾಕ್, 52,000 ಕಿ.ಮೀ. ಓಡಿದೆ. ಮುಂದೆ ಡಿಸ್ಕ್, ಹಿಂದೆ ಡ್ರಮ್. ಸಮುದ್ರ ಅರ್ಧ ಕಿ.ಮೀ. ದೂರ, ಕಾರು ನಿಲ್ಲುವುದು ಬಯಲಲ್ಲೇ. ತಿಂಗಳಿಗೆ ಎರಡು ಸಲ ಕುಮಟಾ ಮೇಲಿಂದ ಶಿರಸಿಗೆ ಹೋಗಿಬರುವುದಿದೆ. ಬೆಳಿಗ್ಗೆ ಮೊದಲ ಬ್ರೇಕಿಗೆ ಕರಕರ ಸದ್ದು. ದೇವಿಮನೆ ಘಟ್ಟ ಇಳಿಯುವಷ್ಟರಲ್ಲಿ ಪೆಡಲ್ ಮೆತ್ತಗಾಗಿ ಎಂದಿಗಿಂತ ಒಳಗೆ ಹೋಗುತ್ತದೆ, ಒಂದು ತಾಸು ನಿಲ್ಲಿಸಿದರೆ ಸರಿಹೋಗುತ್ತದೆ. ಬಾಗಿಲಿನ ಕೆಳ ಅಂಚಿನಲ್ಲಿ ಪೇಂಟ್ ಗುಳ್ಳೆ ಎದ್ದಿದೆ. ಪ್ಯಾಡ್ ಹೋದ ವರ್ಷ ಬದಲಾಗಿದೆ, ಬ್ರೇಕ್ ಆಯಿಲ್ ಬದಲಾಯಿಸಿದ್ದು ಸರ್ವಿಸ್ ಪುಸ್ತಕದಲ್ಲಿ ಎಲ್ಲೂ ಕಾಣುವುದಿಲ್ಲ. ಗ್ಯಾರೇಜಿನಲ್ಲಿ ಕಾರಿನ ತಳಕ್ಕೆ ತುಕ್ಕು ತಡೆಯುವ ಕೋಟಿಂಗ್ ಹೊಡೆಸಿ ಎನ್ನುತ್ತಿದ್ದಾರೆ. ಮಳೆ ಹಿಡಿಯುವ ಮೊದಲು ಏನು ಮಾಡಿಸಲಿ?

ಘಟ್ಟದ ಗೇರು:

ಬ್ರೇಕ್ ಆಯಿಲ್ ಬದಲಾಗುವವರೆಗೆ ದಯವಿಟ್ಟು ಘಟ್ಟ ಇಳಿಯಬೇಡಿ. ಉಳಿದಿದ್ದೆಲ್ಲ ಆಮೇಲೆ.

ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ನಮ್ಮ ಕರಾವಳಿಯ ಗಾಳಿಯಲ್ಲಿ ತೇವಕ್ಕೇನು ಬರ. ಡಾಟ್ ಎಂಬುದು ಬ್ರೇಕ್ ಆಯಿಲ್‌ನ ದರ್ಜೆ. ಡಾಟ್ 4 ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ಮಾನದಂಡ. ಶೇ. 3.7ರಷ್ಟು ನೀರು ಸೇರಿದರೆ ಆ ಮಿತಿ 155ಕ್ಕೆ ಇಳಿಯುತ್ತದೆ. ಡಾಟ್ 3 ಆದರೆ 205 ಮತ್ತು 140. ಉದ್ದದ ಇಳಿಜಾರಿನಲ್ಲಿ ಕಾಲು ಬ್ರೇಕ್ ಮೇಲೇ ಇದ್ದರೆ ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಒಳಗಿನ ಆಯಿಲ್ ಆ ಬಿಸಿ ಮುಟ್ಟಿ ಕುದಿಯುತ್ತದೆ, ಆವಿಯ ಗುಳ್ಳೆ ಏಳುತ್ತದೆ. ಆಯಿಲ್ ಒತ್ತಿದರೆ ಕುಗ್ಗುವುದಿಲ್ಲ, ಆವಿ ಕುಗ್ಗುತ್ತದೆ. ನಿಮ್ಮ ಪೆಡಲ್ ಒಳಗೆ ಹೋಗುವುದು ಅದಕ್ಕೇ, ತಣಿದ ಮೇಲೆ ಸರಿಹೋಗುವುದೂ ಅದಕ್ಕೇ. ಪೆಡಲ್ ಗಟ್ಟಿಯಾಗಿದ್ದೂ ಗಾಡಿ ನಿಲ್ಲದಿದ್ದರೆ ಅದು ಬೇರೆ ಕಾಯಿಲೆ: ಪ್ಯಾಡ್ ಸುಟ್ಟು ಹಿಡಿತ ಬಿಟ್ಟಿದೆ ಎಂದರ್ಥ.

ಬಾನೆಟ್ ಒಳಗಿನ ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳದ ಮೇಲೆ ಯಾವ ಡಾಟ್ ಬರೆದಿದೆಯೋ ಅದನ್ನೇ ತನ್ನಿ. ಡಾಟ್ 5 ಸಿಲಿಕೋನ್ ಜಾತಿ, ನಿಮ್ಮ ಗಾಡಿಗೆ ಬೇಡವೇ ಬೇಡ. ಸೀಲ್ ಒಡೆಯದ ಅರ್ಧ ಲೀಟರಿನ ಎರಡು ಡಬ್ಬಿ ಸಾಕು, ಒಡೆದಿಟ್ಟ ಹಳೆಯ ಡಬ್ಬಿ ಬೇಡ. ಬಾನೆಟ್ ಒಳಗಿನ ಡಬ್ಬಿಯ ಆಯಿಲ್ ಮಾತ್ರ ಹೀರಿ ಹೊಸದು ತುಂಬಿ ಕಳಿಸುವವರಿದ್ದಾರೆ, ಅದು ಬದಲಾವಣೆ ಅಲ್ಲ. ನಾಲ್ಕೂ ಗಾಲಿಯ ಬ್ಲೀಡರ್ ನಿಪ್ಪಲ್ (ಆಯಿಲ್ ಹೊರಬಿಡುವ ತಿರುಪು) ಬಿಚ್ಚಿ, ಚಹಾ ಬಣ್ಣದ ಹಳೇ ಆಯಿಲ್ ಹೋಗಿ ತಿಳಿ ಹಳದಿ ಬರುವವರೆಗೆ, ಗುಳ್ಳೆ ನಿಲ್ಲುವವರೆಗೆ ಬಿಡಿಸಬೇಕು. ಎದುರಿಗೇ ನಿಂತು ನೋಡಿ. ಮಧ್ಯೆ ಡಬ್ಬಿಯ ಮಟ್ಟ ಕೆಳಗಿನ ಗೆರೆ ದಾಟಿದರೆ ಗಾಳಿ ಸೇರಬಹುದು. ಅದು ಎಬಿಎಸ್ (ಬ್ರೇಕ್ ಒತ್ತಿದಾಗ ಗಾಲಿ ಜಾಮ್ ಆಗದಂತೆ ತಡೆಯುವ ವ್ಯವಸ್ಥೆ) ಘಟಕದೊಳಗೆ ಹೋದರೆ ಎಷ್ಟೋ ಗಾಡಿಗಳಲ್ಲಿ ಗಾಡಿಯ ಕಂಪ್ಯೂಟರಿಗೆ ಸ್ಕ್ಯಾನರ್ ಹಾಕದೆ ಹೊರಗೆ ಬರುವುದಿಲ್ಲ. ಪೇಂಟ್ ಮೇಲೆ ಆಯಿಲ್ ಚೆಲ್ಲಿದರೆ ಕೂಡಲೇ ನೀರು ಸುರಿಯಿರಿ, ಇಲ್ಲದಿದ್ದರೆ ಪೇಂಟ್ ಏಳುತ್ತದೆ. ಎರಡು ವರ್ಷಕ್ಕೊಮ್ಮೆ ಇದನ್ನು ಮಾಡಿಸಿ, ಕಿ.ಮೀ. ಎಷ್ಟೇ ಆಗಿರಲಿ.

ಘಟ್ಟ ಇಳಿಯುವಾಗ ಎರಡನೆಯ ಅಥವಾ ಮೂರನೆಯ ಗೇರು. ವೇಗ ಹೆಚ್ಚಿದಾಗ ಗಟ್ಟಿಯಾಗಿ ಒತ್ತಿ, ಇಳಿಸಿ, ಕಾಲು ಪೂರ್ತಿ ತೆಗೆಯಿರಿ. ನ್ಯೂಟ್ರಲ್ ಹಾಕಿ ಇಂಜಿನ್ ಆರಿಸುವುದಂತೂ ಸಲ್ಲದು. ಆರಿಸಿದ ಮೇಲೆ ಎರಡು ಮೂರು ಸಲ ಒತ್ತುವಷ್ಟೇ ಬೂಸ್ಟರ್ (ಪೆಡಲ್ ಒತ್ತಲು ನೆರವಾಗುವ ಭಾಗ) ಬಲ ಉಳಿದಿರುತ್ತದೆ, ಮುಂದೆ ಪೆಡಲ್ ಕಲ್ಲು.

ಬೆಳಗಿನ ಕರಕರ ಡಿಸ್ಕ್ ಮೇಲಿನ ರಾತ್ರಿಯ ತುಕ್ಕು. ನಾಲ್ಕೈದು ಬ್ರೇಕಿಗೆ ಉಜ್ಜಿ ಹೋದರೆ ಚಿಂತೆಯಿಲ್ಲ.

ಬಂದರು ರಸ್ತೆ:

ತುಕ್ಕಿನ ಮಾತಿಗೆ ಬರುತ್ತೇನೆ. ಆ ಕೋಟಿಂಗ್ ಈಗ ಹೊಡೆಸಬೇಡಿ. ಒಳಗೆ ಉಪ್ಪು, ತೇವ ಇದ್ದಂತೆಯೇ ಮೇಲೆ ಡಾಂಬರಿನಂಥ ಕಪ್ಪು ಪದರ ಕೂತರೆ ತುಕ್ಕು ನಿಲ್ಲುವುದಿಲ್ಲ, ಕಣ್ಣಿಗೆ ಕಾಣುವುದು ನಿಲ್ಲುತ್ತದೆ. ಮೊದಲು ಲಿಫ್ಟ್ ಮೇಲೆ ಏರಿಸಿ ಸಿಹಿನೀರಿನಿಂದ ಅಡಿ, ಗಾಲಿಯ ಕಮಾನು, ಸಸ್ಪೆನ್ಷನ್ ತೋಳುಗಳ ಸಂದಿ ತೊಳೆಸಿ. ಎರಡು ದಿನ ಬಿಸಿಲಲ್ಲಿ ಒಣಗಲಿ. ಸಡಿಲ ತುಕ್ಕನ್ನು ತಂತಿ ಬ್ರಷ್‌ನಿಂದ ಕೆರೆದು ಪ್ರೈಮರ್ ಕೊಟ್ಟ ಮೇಲೆ ಕೋಟಿಂಗ್. ಸೈಲೆನ್ಸರ್, ಬ್ರೇಕ್ ಭಾಗ, ನೀರು ಹೋಗುವ ತೂತುಗಳ ಮೇಲೆ ಅದು ಬೀಳಕೂಡದು.

ಸಮುದ್ರದ ಹತ್ತಿರದ ಬಾವಿನೀರು ಬೇಸಿಗೆಯಲ್ಲಿ ಉಪ್ಪಾಗುವುದುಂಟು. ಆ ನೀರಿನಲ್ಲಿ ತೊಳೆದರೆ ಉಪ್ಪಿಗೆ ಉಪ್ಪು ಸೇರಿಸಿದಂತೆ. ರೇಡಿಯೇಟರ್‌ಗೂ ಅದನ್ನು ಹಾಕಬೇಡಿ, ಕೂಲಂಟ್ ಜೊತೆ ಡಿಸ್ಟಿಲ್ಡ್ ವಾಟರ್ ಮಾತ್ರ.

ಬಾಗಿಲಿನ ಗುಳ್ಳೆ ಒಳಗಿನಿಂದ ಬಂದಿರುವ ಸಾಧ್ಯತೆಯೇ ಹೆಚ್ಚು. ಗಾಜಿನ ಸಂದಿಯಿಂದ ಇಳಿದ ಮಳೆನೀರು ಹೊರಗೆ ಹೋಗಲು ಬಾಗಿಲಿನ ತಳದಲ್ಲಿ ಪುಟ್ಟ ತೂತುಗಳಿರುತ್ತವೆ. ಕೆಮ್ಮಣ್ಣಿನ ರಾಡಿ ಅಲ್ಲಿ ಗಟ್ಟಿಕಟ್ಟುತ್ತದೆ. ಬಾಗಿಲು ತೆರೆದು ಅಂಚಿನ ಕೆಳಗೆ ಬೆರಳಾಡಿಸಿದರೆ ಸಿಗುತ್ತವೆ, ಪ್ಲಾಸ್ಟಿಕ್ ಕಡ್ಡಿಯಿಂದ ಚುಚ್ಚಿ. ಕೆಂಪು ನೀರು ಸುರಿದರೆ ಅದೇ ಕಾರಣ. ವೈಪರ್ ಬುಡದ ಜಾಲರಿಯ ಕೆಳಗೂ ಎಲೆ, ಕಸ ಕೂತು ನೀರು ಒಳಗಿನ ಕಾರ್ಪೆಟ್‌ಗೆ ಬರುತ್ತದೆ. ಮರದಡಿ ನಿಲ್ಲಿಸುವವರು ಮಳೆಗಾಲದಲ್ಲಿ ವಾರಕ್ಕೊಮ್ಮೆ ತೆಗೆಯಬೇಕು.

ಕೋಡಿಬಾಗ ಚಾಲಕ:

ಎಡಬಾಗಿಲಿನ ತೂತು ಚುಚ್ಚಿದರೆ ಒಂದು ಲೋಟದಷ್ಟು ಕೆಂಪು ನೀರು ಬಂತು! ಇನ್ನೊಂದು ಸಂಗತಿ: ಅಂಕೋಲಾವರೆಗೆ ಹೋಗಿಬಂದಾಗ ಮುಂದಿನ ಎಡಗಾಲಿ ಮಾತ್ರ ಬಿಸಿ, ಸುಟ್ಟ ವಾಸನೆ.

ಘಟ್ಟದ ಗೇರು:

ಹಾಗಿದ್ದರೆ ಆಯಿಲ್ ಒಂದೇ ಕಾರಣವಲ್ಲ. ಆ ಬದಿಯ ಕ್ಯಾಲಿಪರ್ ಬಿಡುತ್ತಿಲ್ಲ, ಪ್ಯಾಡ್ ಸದಾ ಡಿಸ್ಕಿಗೆ ಉಜ್ಜುತ್ತಿದೆ. ಕ್ಯಾಲಿಪರ್ ಜಾರುವ ಎರಡು ಪಿನ್‌ಗಳ ರಬ್ಬರ್ ಚೀಲ ಹರಿದು ಉಪ್ಪುನೀರು ಹೋಗಿದ್ದರೆ ಪಿನ್ ತುಕ್ಕು ಹಿಡಿದು ಕಚ್ಚಿಕೊಳ್ಳುತ್ತದೆ. ಪಿನ್ ಹೊರತೆಗೆದು ನೋಡಲಿ. ಮೇಲ್ಮೈ ಗುಳಿ ಬಿದ್ದಿದ್ದರೆ ಹೊಸದೇ ಬೇಕು, ಬರೀ ಕಪ್ಪಾಗಿದ್ದರೆ ಒರೆಸಿ ಸಿಲಿಕೋನ್ ಬ್ರೇಕ್ ಗ್ರೀಸ್ ತೆಳುವಾಗಿ ಸವರಿದರೆ ಸಾಕು. ಸಾಮಾನ್ಯ ಬೇರಿಂಗ್ ಗ್ರೀಸ್ ಹಾಕಿದರೆ ರಬ್ಬರ್ ಉಬ್ಬಿ ಮತ್ತೆ ಅದೇ ಪಾಡು. ಪಿನ್ ಸಲೀಸಾಗಿದ್ದರೆ ಪ್ಯಾಡನ್ನು ತಳ್ಳುವ ಪಿಸ್ಟನ್ ನೋಡಬೇಕು.

ಎರಡೂ ಬದಿಯ ಪ್ಯಾಡ್ ಅಳೆಯಿಸಿ. ಒಳಗಿನದು, ಹೊರಗಿನದು ಒಂದೇ ಸಮ ಸವೆಯದಿದ್ದರೆ ಪಿನ್ ಅಥವಾ ಪಿಸ್ಟನ್ ಕಚ್ಚಿಕೊಂಡಿರುವ ಸಾಧ್ಯತೆ ಹೆಚ್ಚು. ಯಾವುದೇ ಪ್ಯಾಡ್ 3 ಮಿ.ಮೀ.ಗೆ ಬಂದಿದ್ದರೆ ಎಡಬಲ ಜೋಡಿಯಾಗಿಯೇ ಬದಲಿಸಿ.

ಮಳೆಗಾಲದ ಪಟ್ಟಿ:

ಉಳಿದ ಎರಡು ಮಾತು ಸೇರಿಸುತ್ತೇನೆ. ಬ್ಯಾಟರಿ ತುದಿಗಳಲ್ಲಿ ಬಿಳಿ, ಹಸಿರು ಕಿಲುಬು ಇದ್ದರೆ ಮೊದಲು ಋಣ ತಂತಿ ಬಿಚ್ಚಿ, ಆಮೇಲೆ ಧನ. ಒಂದು ಲೋಟ ಬಿಸಿನೀರಿಗೆ ಒಂದು ಚಮಚ ಅಡುಗೆ ಸೋಡಾ ಕರಗಿಸಿ ಹಳೇ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ, ಒರೆಸಿ ಒಣಗಿಸಿ. ಜೋಡಿಸುವಾಗ ಧನ ಮೊದಲು. ಬಿಗಿ ಮಾಡಿದ ಮೇಲೆ ವ್ಯಾಸಲೀನ್ ಸವರಿ.

ಟಯರ್ ಗೆರೆಗಳ ಆಳಕ್ಕೆ ಕಾನೂನಿನ ಮಿತಿ 1.6 ಮಿ.ಮೀ., ಆದರೆ ಜುಲೈ ಮಳೆಯಲ್ಲಿ ಘಟ್ಟಕ್ಕೆ 3 ಮಿ.ಮೀ.ಗಿಂತ ಕಡಿಮೆಯಿದ್ದರೆ ಒಯ್ಯಬೇಡಿ. ಮಳೆಗಾಲದಲ್ಲಿ ಮೂರ್ನಾಲ್ಕು ದಿನ ಗಾಡಿ ನಿಲ್ಲಿಸುವುದಿದ್ದರೆ ಹ್ಯಾಂಡ್‌ಬ್ರೇಕ್ ಎಳೆದಿಡಬೇಡಿ, ಹಿಂದಿನ ಬ್ರೇಕ್ ಶೂ ಡ್ರಮ್ಮಿಗೆ ತುಕ್ಕಿನಿಂದ ಅಂಟುತ್ತದೆ. ಸಮತಟ್ಟು ಜಾಗದಲ್ಲಿ ಮೊದಲ ಗೇರಿಗೆ ಹಾಕಿ, ಗಾಲಿಗೆ ಹಿಂದೆ ಮುಂದೆ ಕಲ್ಲು ಕೊಡಿ. ಹೊರಡುವಾಗ ಕಲ್ಲು ತೆಗೆಯಲು ಮರೆಯಬೇಡಿ.