ಮೊದಲ ಬಾರಿಗೆ ಕ್ವಿಲ್ಟ್ ಕೈಚೀಲ: ಕತ್ತರಿ ಹಾಕುವ ಮೊದಲು ಕೆಲವು ಪ್ರಶ್ನೆಗಳು

ಎಳೆನೂಲು:

ದಿಂಬಿನ ಕವರು, ಪರದೆ, ಲೈನಿಂಗ್ ಇಲ್ಲದ ಸಾದಾ ಬಟ್ಟೆಚೀಲ ಇವುಗಳನ್ನು ಮನೆಯ ಹೊಲಿಗೆ ಯಂತ್ರದಲ್ಲಿ ಹೊಲಿದು ನನಗೆ ಅಭ್ಯಾಸವಿದೆ. ಈಗ ಕ್ವಿಲ್ಟ್ ಮಾಡಿದ, ಅಂದರೆ ಎರಡು ಬಟ್ಟೆಗಳ ನಡುವೆ ಮೆತ್ತನೆಯ ಪದರವಿಟ್ಟು ಸಾಲುಸಾಲಾಗಿ ಹೊಲಿದ, ಕೈಚೀಲವೊಂದನ್ನು ಹೊಲಿಯಬೇಕೆಂದಿದ್ದೇನೆ. ಸಿದ್ಧವಾದ ಚೀಲದ ತಳ 30 ಸೆಂ.ಮೀ. ಉದ್ದ ಮತ್ತು 10 ಸೆಂ.ಮೀ. ಅಗಲವಿದ್ದು, ಎತ್ತರ 26 ಸೆಂ.ಮೀ. ಬರಬೇಕೆಂಬುದು ನನ್ನ ಅಂದಾಜು. ಹೊರಭಾಗಕ್ಕೆ ಹೂವಿನ ಅಚ್ಚಿರುವ ಹತ್ತಿಬಟ್ಟೆಯನ್ನೂ ಒಳಗೆ ತಿಳಿಬಣ್ಣದ ಹತ್ತಿಬಟ್ಟೆಯನ್ನೂ ತೆಗೆದಿರಿಸಿದ್ದೇನೆ.

ನನ್ನ ಮೊದಲ ಸಂದೇಹವೆಂದರೆ, ಚೀಲದ ಎರಡು ಭಾಗಗಳನ್ನು ಅಳತೆಗೆ ಕತ್ತರಿಸಿಕೊಂಡು ಆಮೇಲೆ ಕ್ವಿಲ್ಟ್ ಮಾಡಬೇಕೋ ಅಥವಾ ಬಟ್ಟೆಯನ್ನು ಕ್ವಿಲ್ಟ್ ಮಾಡಿದ ಮೇಲೆ ಕತ್ತರಿಸಬೇಕೋ ಎಂಬುದು. ಎರಡನೆಯದು, ನಡುವೆ ಹಾಕುವ ಬ್ಯಾಟಿಂಗ್ ಪದರಕ್ಕೆ ಹತ್ತಿಯದು ಸಾಕೋ, ಚೀಲ ನೆಟ್ಟಗೆ ನಿಲ್ಲಬೇಕಾದರೆ ಫೋಮನ್ನೇ ಬಳಸಬೇಕೋ ಎಂಬುದು. ಚಿಕ್ಕ ತುಂಡೊಂದರ ಮೇಲೆ ಹೊಲಿದು ನೋಡಿದಾಗ ಮೇಲಿನ ಬಟ್ಟೆ ಮುಂದಕ್ಕೆ ಸರಿದು, ಗೆರೆಯ ಕೊನೆಯಲ್ಲಿ ಸುಕ್ಕಾಗಿ ನಿಂತಿತು. ಇದು ಯಂತ್ರದ ಮಿತಿಯೋ ಅಥವಾ ಸರಿಪಡಿಸಬಹುದಾದ ಸಂಗತಿಯೋ ತಿಳಿದವರು ಹೇಳಬೇಕಾಗಿ ವಿನಂತಿ.

ಬಾಬಿನ್ ಡಬ್ಬಿ:

ಮೊದಲು ಕ್ವಿಲ್ಟ್ ಮಾಡಿ, ಆಮೇಲೆ ಕತ್ತರಿಸಿ. ಸಾಲುಸಾಲಾಗಿ ಹೊಲಿಗೆ ಬಿದ್ದಂತೆ ಮೂರು ಪದರಗಳೂ ಒಂದಕ್ಕೊಂದು ಬಿಗಿದುಕೊಂಡು ಒಟ್ಟು ಅಳತೆ ಎಲ್ಲ ದಿಕ್ಕಿನಲ್ಲೂ ಸ್ವಲ್ಪ ಕುಗ್ಗುತ್ತದೆ. ಎಷ್ಟು ಕುಗ್ಗುವುದೆಂಬುದು ಗೆರೆಗಳ ಅಂತರ ಮತ್ತು ಬ್ಯಾಟಿಂಗಿನ ದಪ್ಪವನ್ನು ಅವಲಂಬಿಸಿರುವುದರಿಂದ ಅದನ್ನು ಮೊದಲೇ ಲೆಕ್ಕ ಹಾಕಿ ಕತ್ತರಿಸುವುದು ಕಷ್ಟ. ಆದ್ದರಿಂದ ಬೇಕಾದ ಅಳತೆಗಿಂತ ಪ್ರತಿ ಬದಿಗೂ 2ರಿಂದ 3 ಸೆಂ.ಮೀ. ಹೆಚ್ಚು ಇಟ್ಟುಕೊಂಡು ಕ್ವಿಲ್ಟ್ ಮಾಡಿ, ಅದು ಸಮತಟ್ಟಾಗಿ ಕೂತ ಮೇಲೆ ನಿಜವಾದ ಅಳತೆಗೆ ಕತ್ತರಿಸುವುದೇ ಸುರಕ್ಷಿತ. ಕತ್ತರಿಸಿದ ಕೂಡಲೇ ಅಂಚಿನಿಂದ ಅರ್ಧ ಸೆಂ.ಮೀ. ಒಳಗೆ ಸುತ್ತಲೂ ಒಂದು ಹೊಲಿಗೆ ಹಾಕಿಬಿಡಿ. ಇಲ್ಲವಾದರೆ ಕತ್ತರಿಯ ಬಾಯಿಗೆ ಸಿಕ್ಕ ಕ್ವಿಲ್ಟ್ ಗೆರೆಗಳ ತುದಿಗಳು ಬಿಚ್ಚಿಕೊಳ್ಳತೊಡಗುತ್ತವೆ.

ನಿಮ್ಮ ಸುಕ್ಕಿಗೆ ಕಾರಣ ಯಂತ್ರ ಕೆಟ್ಟಿರುವುದಲ್ಲ. ಕೆಳಗಿನ ಹಲ್ಲುಗಳು ತಳದ ಬಟ್ಟೆಯನ್ನು ಹಿಂದಕ್ಕೆ ಎಳೆಯುತ್ತವೆ, ಆದರೆ ಮೇಲಿರುವ ಪ್ರೆಸರ್ ಫೂಟ್ ಮೇಲ್ಪದರವನ್ನು ಒತ್ತಿ ತಡೆಯುತ್ತದೆ. ನಡುವಿನ ಪದರ ಮೆತ್ತಗಿದ್ದಷ್ಟೂ ಈ ಎರಡರ ವೇಗದ ವ್ಯತ್ಯಾಸ ಹೆಚ್ಚಾಗುತ್ತದೆ. ವಾಕಿಂಗ್ ಫೂಟ್ ಎಂಬ ಉಪಕರಣಕ್ಕೆ ತನ್ನದೇ ಹಲ್ಲುಗಳಿದ್ದು ಅದು ಮೇಲಿನ ಬಟ್ಟೆಯನ್ನೂ ಕೆಳಗಿನದರ ಜೊತೆಗೇ ಸರಿಸುತ್ತದೆ. ನಿಮ್ಮ ಯಂತ್ರಕ್ಕೆ ಹೊಂದುವಂಥದು ಸಿಕ್ಕಿದರೆ ಉಳಿದೆಲ್ಲ ಉಪಾಯಗಳಿಗಿಂತ ಅದೇ ಮೇಲು. ಸಿಗದಿದ್ದರೆ ಫೂಟಿನ ಒತ್ತಡವನ್ನು ಕಡಿಮೆ ಮಾಡಿ, ಹೊಲಿಗೆಯ ಉದ್ದವನ್ನು 3ರಿಂದ 3.5 ಮಿ.ಮೀ.ಗೆ ಏರಿಸಿ, 14ನೇ ನಂಬರಿನ ಹೊಸ ಸೂಜಿ ಹಾಕಿ.

ಪದರಗಳನ್ನು ಜೋಡಿಸುವಾಗ ಆತುರ ಬೇಡ. ಕೆಳಗೆ ತೆಳುವಾದ ಹತ್ತಿಬಟ್ಟೆ (ಲೈನಿಂಗಲ್ಲ, ಬೇರೆಯದು), ಅದರ ಮೇಲೆ ಬ್ಯಾಟಿಂಗ್, ಎಲ್ಲಕ್ಕೂ ಮೇಲೆ ಇಸ್ತ್ರಿ ಮಾಡಿದ ಹೊರಬಟ್ಟೆ ಎಂದು ಹಾಸಿ, ನಡುವಿನಿಂದ ಅಂಚಿನ ಕಡೆಗೆ ಅಂಗೈಯಿಂದ ಸವರುತ್ತ ಪ್ರತಿ 8–10 ಸೆಂ.ಮೀ.ಗೆ ಒಂದರಂತೆ ಸೇಫ್ಟಿ ಪಿನ್ ಹಾಕಿ. ಪಿನ್ನು ಬೇಡವೆಂದರೆ ದೊಡ್ಡ ದೊಡ್ಡ ಕಚ್ಚಾ ಹೊಲಿಗೆಯೂ ಆದೀತು. ಮೊದಲ ಗೆರೆಯನ್ನು ನಟ್ಟನಡುವೆ ಹೊಲಿದು, ಅಲ್ಲಿಂದ ಎರಡೂ ಪಕ್ಕಕ್ಕೆ ಸಾಗಿ. ಒಂದು ಗೆರೆಯನ್ನು ಮೇಲಿನಿಂದ ಕೆಳಗೆ, ಮುಂದಿನದನ್ನು ಕೆಳಗಿನಿಂದ ಮೇಲೆ ಹೊಲಿದರೆ ನಡುವಿನ ಬಟ್ಟೆ ತಿರುಚಿಕೊಂಡಂತೆ ಕಾಣುವುದರಿಂದ, ಎಲ್ಲ ಗೆರೆಗಳನ್ನೂ ಒಂದೇ ಕಡೆಯಿಂದ ಆರಂಭಿಸುವುದು ಒಳ್ಳೆಯದು.

ದಪ್ಪ ಸೂಜಿ:

ಮೇಲಿನ ಉತ್ತರವನ್ನು ಪೂರ್ತಿಯಾಗಿ ಒಪ್ಪುತ್ತೇನೆ. ಬ್ಯಾಟಿಂಗ್ ಬಗ್ಗೆ ನನ್ನ ಅಭಿಪ್ರಾಯವಿಷ್ಟು: ಮೊದಲ ಚೀಲಕ್ಕೆ ಫೋಮ್ ಬೇಡ. ಫೋಮ್ ಹಾಕಿದ ಚೀಲ ತಾನಾಗಿ ನಿಲ್ಲುತ್ತದೆ ಎಂಬುದು ನಿಜ, ಆದರೆ ಹೊಲಿಗೆಗಳು ಕೂಡುವ ಮೂಲೆಗಳಲ್ಲಿ ಎರಡು ಫೋಮ್ ಪದರಗಳು ಒಂದರ ಮೇಲೊಂದು ಬಂದಾಗ ಮನೆಯ ಯಂತ್ರದ ಫೂಟಿನ ಕೆಳಗೆ ಅದನ್ನು ತುರುಕುವುದೇ ಸಾಹಸವಾಗುತ್ತದೆ, ಮೇಲಾಗಿ ಲೈನಿಂಗಿನಲ್ಲಿ ಹೊಲಿಯದೆ ಬಿಟ್ಟ ಕಿಂಡಿಯ ಮೂಲಕ ಚೀಲವನ್ನು ಹೊರಳಿಸುವಾಗ ಅದು ಮಡಿಕೆ ಬಿದ್ದು ಹಠ ಹಿಡಿಯುತ್ತದೆ.

ತೆಳುವಾದ ಹತ್ತಿ ಬ್ಯಾಟಿಂಗ್ ಚಪ್ಪಟೆಯಾಗಿ ಕೂರುತ್ತದೆ, ಬಟ್ಟೆಯನ್ನು ಹಿಡಿದುಕೊಳ್ಳುತ್ತದೆ, ಹೆಚ್ಚು ಜಾರುವುದಿಲ್ಲ. ಪಾಲಿಯೆಸ್ಟರ್ ಬ್ಯಾಟಿಂಗ್ ಉಬ್ಬಿಕೊಂಡು ಚೆಂದ ಕಾಣುತ್ತದೆ, ಹಗುರವೂ ಹೌದು. ಆದರೆ ಬಿಸಿ ಇಸ್ತ್ರಿ ತಗುಲಿದರೆ ಅದರ ಉಬ್ಬು ಕುಸಿದು ಗಟ್ಟಿಯಾಗುತ್ತದೆ. ಹತ್ತಿಯದನ್ನು ಆರಿಸಿಕೊಂಡು, ಚೀಲ ಬಿಗಿಯಾಗಿರಬೇಕೆಂದರೆ ಹೊರಬಟ್ಟೆಯ ಒಳಬದಿಗೆ ಇಸ್ತ್ರಿಯಿಂದ ಅಂಟುವ ಫ್ಯೂಸಿಂಗ್ ಹಾಕಿ, ಕ್ವಿಲ್ಟ್ ಗೆರೆಗಳನ್ನು 2.5 ಸೆಂ.ಮೀ. ಅಂತರದಲ್ಲಿ ಹತ್ತಿರ ಹತ್ತಿರ ಹೊಲಿಯಿರಿ. ಗೆರೆ ದಟ್ಟವಾದಷ್ಟೂ ಬಟ್ಟೆ ಗಡುಸಾಗುತ್ತದೆ. ಹೊರಬಟ್ಟೆ ಮತ್ತು ಲೈನಿಂಗ್ ಎರಡನ್ನೂ ಮೊದಲೇ ಒಗೆದು ಒಣಗಿಸಿ ಇಸ್ತ್ರಿ ಮಾಡಿ, ಏಕೆಂದರೆ ಚೀಲವನ್ನು ಮುಂದೆಂದಾದರೂ ಒಗೆದಾಗ ಒಂದೊಂದು ಪದರ ಒಂದೊಂದು ಪ್ರಮಾಣದಲ್ಲಿ ಕುಗ್ಗಬಾರದು.

ಗೆರೆ ಎಳೆಯಲು ಇಸ್ತ್ರಿಯ ಬಿಸಿಗೆ ಮಾಯವಾಗುವ ಪೆನ್ನನ್ನು ಕೆಲವರು ಸೂಚಿಸುತ್ತಾರೆ. ಅಂಥ ಶಾಯಿ ಹೆಚ್ಚು ಚಳಿಗೆ ಒಡ್ಡಿದಾಗ ಮತ್ತೆ ಮೂಡಬಹುದು. ಸೀಮೆಸುಣ್ಣವೇ ಸಾಕು.

ಎಳೆನೂಲು:

ಇಬ್ಬರಿಗೂ ಧನ್ಯವಾದಗಳು. ಹತ್ತಿ ಬ್ಯಾಟಿಂಗನ್ನೇ ಬಳಸುತ್ತೇನೆ. ಇನ್ನೆರಡು ಸಂದೇಹಗಳಿವೆ: 10 ಸೆಂ.ಮೀ. ಅಗಲದ ತಳ ಬರಬೇಕಾದರೆ ಕತ್ತರಿಸುವ ಅಳತೆ ಎಷ್ಟಿರಬೇಕು, ಮತ್ತು ಓರೆ ಚೌಕಗಳ ವಿನ್ಯಾಸ ಹಾಕಿದರೆ ಪಕ್ಕದ ಹೊಲಿಗೆಯಲ್ಲಿ ಮುಂಭಾಗದ ಗೆರೆಗಳು ಹಿಂಭಾಗದ ಗೆರೆಗಳಿಗೆ ಕೂಡಿಕೊಳ್ಳುವಂತೆ ಮಾಡುವುದು ಹೇಗೆ?

ಬಾಬಿನ್ ಡಬ್ಬಿ:

ಎಲ್ಲ ಕಡೆ ಹೊಲಿಗೆಯ ಹೊರಗೆ 1 ಸೆಂ.ಮೀ. ಮಾರ್ಜಿನ್ ಬಿಡುವುದಾದರೆ ಲೆಕ್ಕ ಸರಳ. ಅಗಲಕ್ಕೆ 30ರ ಜೊತೆ ತಳದ 10 ಸೇರಿ 40, ಎರಡು ಬದಿಯ ಮಾರ್ಜಿನ್ ಸೇರಿ 42 ಸೆಂ.ಮೀ. ಎತ್ತರಕ್ಕೆ 26ರ ಜೊತೆ ತಳದ ಅರ್ಧ 5 ಸೇರಿ 31, ಮಾರ್ಜಿನ್ ಸೇರಿ 33 ಸೆಂ.ಮೀ. ಇಂಥ ಎರಡು ತುಂಡುಗಳು ಬೇಕು. ಪ್ರತಿ ತುಂಡಿನ ಕೆಳಗಿನ ಎರಡು ಮೂಲೆಗಳಲ್ಲಿ, ಕತ್ತರಿಸಿದ ಅಂಚಿನಿಂದಲೇ ಅಳೆದು, 5 ಸೆಂ.ಮೀ. ಚೌಕವನ್ನು ತೆಗೆದುಬಿಡಿ. ಪಕ್ಕಗಳನ್ನೂ ತಳವನ್ನೂ ಹೊಲಿದ ಮೇಲೆ ಆ ಮೂಲೆಯ ಕಿಂಡಿಯನ್ನು ಎಳೆದು, ಪಕ್ಕದ ಹೊಲಿಗೆ ತಳದ ಹೊಲಿಗೆಯ ಮೇಲೆ ಬರುವಂತೆ ಕೂಡಿಸಿ, ಅಡ್ಡಲಾಗಿ ಹೊಲಿದರೆ ಪೆಟ್ಟಿಗೆಯಂಥ ತಳ ಬರುತ್ತದೆ. ಮಾರ್ಜಿನ್ ಎಲ್ಲ ಕಡೆ ಒಂದೇ ಆಗಿರುವಾಗ ಮಾತ್ರ ಚೌಕದ ಅಳತೆ ತಳದ ಅಗಲದ ಸರಿಯಾದ ಅರ್ಧವಾಗಿರುತ್ತದೆ ಎಂಬುದನ್ನು ಗಮನದಲ್ಲಿಡಿ.

ಗೆರೆ ಕೂಡಿಸುವುದರ ಬಗ್ಗೆ ಹೇಳುವುದಾದರೆ, ಅದರ ಗೋಜೇ ಮೊದಲ ಚೀಲಕ್ಕೆ ಬೇಡ. ಓರೆ ಗೆರೆಗಳಿದ್ದಾಗ ಅರ್ಧ ಸೆಂ.ಮೀ. ಹೆಚ್ಚುಕಡಿಮೆಯಾದರೂ ಪಕ್ಕದಲ್ಲಿ ಎದ್ದು ಕಾಣುತ್ತದೆ. ಮೇಲಿನಿಂದ ಕೆಳಕ್ಕೆ ನೇರ ಗೆರೆಗಳನ್ನಷ್ಟೇ ಹೊಲಿದರೆ ಪಕ್ಕದಲ್ಲಿ ಕೂಡಿಸಬೇಕಾದ ಪ್ರಮೇಯವೇ ಬರುವುದಿಲ್ಲ, ಹೂವಿನ ಅಚ್ಚಿನ ಮೇಲೆ ಅದು ಸೊಗಸಾಗಿಯೂ ಕಾಣುತ್ತದೆ.

ಮಡಿಕೆ:

ಹೊಸಬರಿಗೆ ಕ್ವಿಲ್ಟ್ ಮಾಡುವುದಕ್ಕಿಂತ ಹೆಚ್ಚಾಗಿ ತೊಂದರೆ ಕೊಡುವುದು ಜೋಡಣೆಯ ಹಂತದ ದಪ್ಪ. ಪಕ್ಕಗಳನ್ನು ಹೊಲಿದ ಕೂಡಲೇ ಮಾರ್ಜಿನ್ನಿನಲ್ಲಿರುವ ಬ್ಯಾಟಿಂಗನ್ನು ಬಟ್ಟೆಯಿಂದ ಬಿಡಿಸಿ, ಹೊಲಿಗೆಯ ಹತ್ತಿರದವರೆಗೂ ಕತ್ತರಿಸಿ ತೆಗೆಯಿರಿ. ಬಟ್ಟೆಯನ್ನು ಮಾತ್ರ ಕತ್ತರಿಸಬೇಡಿ. ಮಾರ್ಜಿನ್ನನ್ನು ಎರಡೂ ಕಡೆ ಬಿಡಿಸಿ ಬೆರಳಿನಿಂದ ಒತ್ತಿ ಕೂರಿಸಿ.

ಹಿಡಿಕೆಗೆ 10 ಸೆಂ.ಮೀ. ಅಗಲದ ಎರಡು ಪಟ್ಟಿಗಳನ್ನು ತೆಗೆದುಕೊಂಡು, ಎರಡೂ ಅಂಚುಗಳನ್ನು ನಡುವಿಗೆ ಮಡಿಸಿ ಮತ್ತೊಮ್ಮೆ ಮಡಿಸಿದರೆ 2.5 ಸೆಂ.ಮೀ. ಅಗಲದ ನಾಲ್ಕು ಪದರದ ಹಿಡಿಕೆಯಾಗುತ್ತದೆ. ಹೆಗಲಿಗೆ ಹಾಕುವುದಾದರೆ 60ರಿಂದ 65 ಸೆಂ.ಮೀ., ಕೈಯಲ್ಲಿ ಹಿಡಿಯುವುದಕ್ಕಾದರೆ 35ರಿಂದ 40 ಸೆಂ.ಮೀ. ಉದ್ದ ಸಾಕು. ಹಿಡಿಕೆಯೊಳಗೆ ಬ್ಯಾಟಿಂಗ್ ತುಂಬುವ ಆಸೆಯನ್ನು ಸದ್ಯಕ್ಕೆ ಬಿಡಿ. ಅದರ ತುದಿಗಳನ್ನು ಚೀಲದ ಬಾಯಿಯ ಅಂಚಿಗೆ ಸೀದಾ ಬದಿಯಲ್ಲಿ, ಮಾರ್ಜಿನ್ನಿನೊಳಗೆ ಎರಡು ಸಲ ಹೊಲಿದ ಮೇಲೆಯೇ ಲೈನಿಂಗ್ ಕೂಡಿಸಿ.

ಲೈನಿಂಗನ್ನೂ ಇದೇ ಅಳತೆಗೆ ಕತ್ತರಿಸಿ, ಆದರೆ ಬಾಯಿಯ ಹತ್ತಿರ 1 ಸೆಂ.ಮೀ. ಮಾರ್ಜಿನ್ನಿನಿಂದ ಆರಂಭಿಸಿ ಕೆಳಗೆ ಬಂದಂತೆ 1.3 ಸೆಂ.ಮೀ.ಗೆ ಹೆಚ್ಚಿಸಿ ಹೊಲಿಯಿರಿ; ಹೊರಗಿನ ದಪ್ಪ ಚೀಲದೊಳಗೆ ಅದು ಸಡಿಲವಾಗಿ ಮುದುಡಿಕೊಳ್ಳದಿರಲು ಈ ಉಪಾಯ. ತಳದ ಹೊಲಿಗೆಯಲ್ಲಿ 12ರಿಂದ 15 ಸೆಂ.ಮೀ. ತೆರೆದು ಬಿಡಿ. ಅಯಸ್ಕಾಂತದ ಗುಂಡಿ ಬೇಕಿದ್ದರೆ ಹಿಂದೆ ಕ್ಯಾನ್ವಾಸಿನ ತುಣುಕಿಟ್ಟು ಲೈನಿಂಗಿಗೆ ಈ ಹಂತದಲ್ಲಿಯೇ ಕೂರಿಸಬೇಕು, ಚೀಲ ಮುಚ್ಚಿದ ಮೇಲೆ ಸಾಧ್ಯವಾಗದು.

ಹೊರಚೀಲವನ್ನು ಸೀದಾ ಬದಿ ಹೊರಗಿರುವಂತೆ ಹಿಡಿದು, ಉಲ್ಟಾ ಮಾಡಿದ ಲೈನಿಂಗಿನೊಳಗೆ ಇಳಿಸಿ ಬಾಯಿಯ ಸುತ್ತ ಹೊಲಿಯಿರಿ. ಹಿಡಿಕೆಗಳಿರುವ ಜಾಗಕ್ಕೆ ಬಂದಾಗ 16ನೇ ನಂಬರಿನ ಸೂಜಿ ಹಾಕಿ, ಮೋಟಾರನ್ನು ನಂಬದೆ ಕೈಚಕ್ರವನ್ನು ತಿರುಗಿಸುತ್ತ ಒಂದೊಂದೇ ಹೊಲಿಗೆ ಹಾಕಿ. ಫೂಟ್ ಏರುಮುಖವಾಗಿ ವಾಲಿದರೆ ಅದರ ಹಿಂಭಾಗದ ಕೆಳಗೆ ಮಡಿಸಿದ ರಟ್ಟಿನ ತುಂಡನ್ನಿಟ್ಟು ಸಮಮಾಡಿಕೊಳ್ಳಿ. ಬಳಿಕ ಲೈನಿಂಗಿನ ಕಿಂಡಿಯಿಂದ ಚೀಲವನ್ನು ಹೊರಳಿಸಿ, ಬಾಯಿಯ ಅಂಚಿಗೆ ಅರ್ಧ ಸೆಂ.ಮೀ. ಬಿಟ್ಟು ಮೇಲಿನಿಂದ ಒಂದು ಸುತ್ತು ಹೊಲಿಗೆ ಹಾಕಿ, ಕಿಂಡಿಯನ್ನು ಕೊನೆಯಲ್ಲಿ ಮುಚ್ಚಿ. ಅಂಚಿನ ಸುತ್ತು ಸರಿಬರದಿದ್ದರೆ ಮತ್ತೆ ಒಳಗಿನಿಂದ ಕೈಹಾಕಲು ಆ ಕಿಂಡಿ ಬೇಕಾಗುತ್ತದೆ.